ದಿಕ್ಸೂಚಿ ಹಿಡಿದು ಕಾಂತಕ್ಷೇತ್ರ ಕಲಿಯುವುದು: ಹೈಸ್ಕೂಲು ಮಕ್ಕಳಿಗೂ ಕಲಿಸುವವರಿಗೂ ಸಮಗ್ರ ಮಾರ್ಗದರ್ಶಿ

ಆರನೆಯ ತರಗತಿಯಲ್ಲಿ ಅಯಸ್ಕಾಂತ ಎಂದರೆ ಆಟ. ಗುಂಡುಸೂಜಿ ಅಂಟುತ್ತದೆ, ರಬ್ಬರು ಅಂಟುವುದಿಲ್ಲ, ಮಕ್ಕಳಿಗೆ ಸಂತೋಷ. ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಅದೇ ವಿಷಯ ಬಲರೇಖೆಗಳ ಗುಣಗಳು, ಬಲಗೈ ಹೆಬ್ಬೆರಳಿನ ನಿಯಮ, ಸೊಲೆನಾಯ್ಡ್, ಫ್ಲೆಮಿಂಗ್‌ನ ಎಡಗೈ ನಿಯಮ ಎಂಬ ಬಾಯಿಪಾಠದ ಪಟ್ಟಿಯಾಗಿರುತ್ತದೆ. ಈ ವರ್ಷಗಳ ನಡುವೆ ಮಕ್ಕಳ ಕೈಯಿಂದ ಜಾರಿಹೋಗುವ ವಸ್ತು ಒಂದಿದೆ. ಅದು ದಿಕ್ಸೂಚಿ. ಅದನ್ನು ಮತ್ತೆ ಅವರ ಕೈಗೆ ಕೊಟ್ಟರೆ ಅಧ್ಯಾಯದ ಬಹುಪಾಲು ತಾನಾಗಿ ಅರ್ಥವಾಗುತ್ತದೆ ಎಂಬುದು ನನ್ನ ದೃಢ ನಂಬಿಕೆ.

ಕಾಂತಕ್ಷೇತ್ರ ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಾಗುವುದಿಲ್ಲ. ಆದರೆ ಅದರ ಬಗ್ಗೆ ಪ್ರಶ್ನೆ ಕೇಳಬಹುದು: ಈ ಜಾಗದಲ್ಲಿ ಒಂದು ದಿಕ್ಸೂಚಿ ಇಟ್ಟರೆ ಸೂಜಿಯ ಉತ್ತರ ತುದಿ ಯಾವ ಕಡೆ ತಿರುಗುತ್ತದೆ? ಎಷ್ಟು ಬಲವಾಗಿ ತಿರುಗುತ್ತದೆ? ಮೊದಲ ಪ್ರಶ್ನೆಯ ಉತ್ತರ ಕ್ಷೇತ್ರದ ದಿಕ್ಕು, ಎರಡನೆಯದರ ಉತ್ತರ ಕ್ಷೇತ್ರದ ತೀವ್ರತೆ. ಮುಂದೆ ಬರುವ ಹೆಜ್ಜೆಗಳಲ್ಲೆಲ್ಲ ಈ ಎರಡು ಪ್ರಶ್ನೆಗಳನ್ನು ಬಿಡದೆ ಕೇಳುತ್ತಾ ಹೋಗಿ.

ಸಾಮಾನು ಹೊಂದಿಸಿಕೊಳ್ಳುವುದು

ಒಂದು ದಂಡಕಾಂತ, ಒಂದು ಅಥವಾ ಎರಡು ಸಣ್ಣ ದಿಕ್ಸೂಚಿ, ಕಬ್ಬಿಣದ ಪುಡಿ, ಟಾರ್ಚ್‌ಗೆ ಹಾಕುವ 1.5 ವೋಲ್ಟ್ ಸೆಲ್, ಐದಾರು ಮೀಟರ್ ವೈಂಡಿಂಗ್ ತಂತಿ, ಒಂದು ದೊಡ್ಡ ಕಬ್ಬಿಣದ ಮೊಳೆ, ಬಟ್ಟೆ ಹೊಲಿಯುವ ಸೂಜಿ, ಗುಂಡುಸೂಜಿ, ಬಿಳಿ ಹಾಳೆ. ಇಷ್ಟು ಸಾಕು. ದಿಕ್ಸೂಚಿ ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಎರಡು ಸೆಂಟಿಮೀಟರ್ ಅಗಲದ್ದು ಸಿಕ್ಕಿದರೆ ಬಿಡಬೇಡಿ.

ಬೆಂಗಳೂರಿನಲ್ಲಿ ಇವಕ್ಕೆ ಪರದಾಡಬೇಕಿಲ್ಲ. ಎಸ್.ಪಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅಯಸ್ಕಾಂತ, ತಂತಿ, ಸೆಲ್ ಮೂರೂ ಸಿಗುತ್ತವೆ. ತಾಮ್ರದ ತಂತಿಗಾಗಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ, ಫ್ಯಾನು ಮತ್ತು ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೇಳಿ. ಗುಜರಿ ಅಂಗಡಿಯಲ್ಲಿ ಹಳೆಯ ಸ್ಪೀಕರ್ ಸಿಕ್ಕರೆ ಅದರೊಳಗಿನ ಕಪ್ಪು ಉಂಗುರ ಒಳ್ಳೆಯ ಅಯಸ್ಕಾಂತ. ಆದರೆ ಎಚ್ಚರ: ಉಂಗುರದ ಧ್ರುವಗಳು ಅಂಚಿನಲ್ಲಿಲ್ಲ, ಚಪ್ಪಟೆ ಮುಖಗಳಲ್ಲಿವೆ. ಒಂದು ಮುಖ ಉತ್ತರ, ಇನ್ನೊಂದು ಮುಖ ದಕ್ಷಿಣ. ಕಬ್ಬಿಣದ ಪುಡಿಗೆ ಲೇತ್ ಇರುವ ವರ್ಕ್‌ಶಾಪಿನಲ್ಲಿ ಕೇಳಬಹುದು. ಅದೂ ಸಿಗದಿದ್ದರೆ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಣ ಮಣ್ಣಿನಲ್ಲಿ ಎಳೆದಾಡಿ. ನಮ್ಮೂರಿನ ಕೆಂಪು ಮಣ್ಣಿನಿಂದಲೂ ಕಪ್ಪು ಕಣಗಳು ಬಂದು ಅಂಟುತ್ತವೆ. ಅದರಲ್ಲಿ ಹೆಚ್ಚಿನದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. ಚೀಲವನ್ನು ಒಳಹೊರಗು ಮಾಡಿದರೆ ಪುಡಿ ಸುಲಭವಾಗಿ ಬಿಡುತ್ತದೆ.

ಹೊಳೆಯುವ ಬೆಳ್ಳಿ ಬಣ್ಣದ ಪುಟ್ಟ ನಿಯೋಡಿಮಿಯಂ ಅಯಸ್ಕಾಂತಗಳ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಚಿಕ್ಕ ಮಕ್ಕಳಿರುವ ಮನೆಗೆ ಅವನ್ನು ತರಬೇಡಿ. ಎರಡನ್ನು ನುಂಗಿದರೆ ಹೊಟ್ಟೆಯೊಳಗೆ ಕರುಳಿನ ಗೋಡೆಗಳನ್ನು ನಡುವೆ ಸಿಕ್ಕಿಸಿಕೊಂಡು ಅಂಟಿ ತೂತು ಮಾಡಬಲ್ಲವು, ಪ್ರಾಣಕ್ಕೇ ಸಂಚಕಾರ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರ ಹತ್ತಿರವೂ ಅವು ಬರಬಾರದು. ಇಲ್ಲಿರುವ ಪ್ರಯೋಗಗಳಿಗೆ ಅವು ಅಗತ್ಯವಿಲ್ಲ, ಕೊನೆಯ ಹತ್ತಿರ ಒಂದೇ ಒಂದು ಕಡೆ ಬಿಟ್ಟು.

ಹೆಜ್ಜೆ 1: ಜಾಗವನ್ನು ಪರೀಕ್ಷಿಸಿ

ಈ ಹೆಜ್ಜೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಆಮೇಲೆ ಪ್ರಯೋಗ ಸರಿಬರಲಿಲ್ಲ ಎನ್ನುತ್ತಾರೆ. ದಿಕ್ಸೂಚಿಯನ್ನು ಮೇಜಿನ ಮೇಲೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ಸರಿಸಿ. ಸೂಜಿ ಎಲ್ಲೆಡೆ ಒಂದೇ ದಿಕ್ಕಿಗೆ ಸಮಾನಾಂತರವಾಗಿ ನಿಂತರೆ ಜಾಗ ಒಳ್ಳೆಯದು. ಅಲ್ಲಲ್ಲಿ ವಾಲಿದರೆ ಹತ್ತಿರದಲ್ಲಿ ಕಬ್ಬಿಣವೋ ಅಯಸ್ಕಾಂತವೋ ಇದೆ ಎಂದೇ ಅರ್ಥ: ಬೀರು, ಕಬ್ಬಿಣದ ಮಂಚ, ಮೇಜಿನ ಕಾಲು, ಗ್ಯಾಸ್ ಸಿಲಿಂಡರ್, ಟಿವಿಯ ಸ್ಪೀಕರ್. ಅಪಾರ್ಟ್‌ಮೆಂಟುಗಳಲ್ಲಿ ಕಾಂಕ್ರೀಟಿನ ಒಳಗಿರುವ ಕಂಬಿಗಳೂ ಸೂಜಿಯನ್ನು ಎಳೆಯುತ್ತವೆ. ಆದ್ದರಿಂದ ನೆಲದ ಮೇಲೆ ಕೂರುವ ಬದಲು ಮರದ ಮೇಜು ವಾಸಿ, ಅದಕ್ಕಿಂತ ಲಾಲ್‌ಬಾಗಿನಲ್ಲೋ ಕಬ್ಬನ್ ಪಾರ್ಕಿನಲ್ಲೋ ಮರದ ಕೆಳಗೆ ಕೂರುವುದು ವಾಸಿ. ನಮ್ಮ ಮೆಟ್ರೊ ಹಳಿಯ ಪಕ್ಕದ ಮೂರನೆಯ ಹಳಿಯಲ್ಲಿ 750 ವೋಲ್ಟ್ ನೇರ ವಿದ್ಯುತ್ತು ಹರಿಯುತ್ತದೆ. ಆ ಮಾರ್ಗಕ್ಕೆ ಅಂಟಿಕೊಂಡಿರುವ ಜಾಗವನ್ನೂ ಬಿಡಿ.

ಇದು ಅತಿ ಎಚ್ಚರಿಕೆ ಎನಿಸಿದರೆ ಒಂದು ಇತಿಹಾಸ ಕೇಳಿ. ಮುಂಬೈಯ ಟ್ರಾಮ್‌ಗಳು ವಿದ್ಯುತ್ತಿನಿಂದ ಓಡಲಿವೆ ಎಂದು ಗೊತ್ತಾದಾಗ ಕೊಲಾಬಾದಲ್ಲಿ ನಡೆಯುತ್ತಿದ್ದ ಭೂಕಾಂತತೆಯ ಅಳತೆಯನ್ನು 1904ರಲ್ಲಿ ಅಲಿಬಾಗ್‌ಗೆ ಸ್ಥಳಾಂತರಿಸಿದರು. ನಮ್ಮ ಕಾಲದ ಉದಾಹರಣೆ ಇನ್ನೂ ಚೆನ್ನಾಗಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಕಾಂತಮಾಪಕವನ್ನು ತಯಾರಿಸಿದ್ದು ಬೆಂಗಳೂರಿನಲ್ಲೇ ಇರುವ ಇಸ್ರೋದ ಎಲೆಕ್ಟ್ರೋ ಆಪ್ಟಿಕ್ಸ್ ಪ್ರಯೋಗಾಲಯ. ಅದರ ಎರಡು ಸಂವೇದಕಗಳನ್ನು ನೌಕೆಯ ಮೈಗೆ ಅಂಟಿಸದೆ ಆರು ಮೀಟರ್ ಉದ್ದದ ತೋಳಿನ ಮೇಲೆ, ಒಂದನ್ನು ಮೂರು ಮೀಟರಿನಲ್ಲಿ, ಇನ್ನೊಂದನ್ನು ಆರು ಮೀಟರಿನಲ್ಲಿ ಕೂರಿಸಿದ್ದಾರೆ. ನೌಕೆಯದೇ ಕಾಂತಕ್ಷೇತ್ರ ಅಳತೆಯನ್ನು ಕೆಡಿಸಬಾರದು ಎಂಬುದೇ ಕಾರಣ. ನೀವು ಬೀರುವಿನಿಂದ ದೂರ ಸರಿಯುವುದೂ ಅದೇ ಕಾರಣಕ್ಕೆ.

ದಿಕ್ಸೂಚಿಯನ್ನೂ ಪರೀಕ್ಷಿಸಬೇಕು. ಬಲವಾದ ಅಯಸ್ಕಾಂತದ ಹತ್ತಿರ ಇಟ್ಟ ಅಗ್ಗದ ದಿಕ್ಸೂಚಿಯ ಸೂಜಿ ತಿರುವುಮುರುವಾಗಿ ಕಾಂತೀಕರಣಗೊಂಡು ಕೆಂಪು ತುದಿ ದಕ್ಷಿಣ ತೋರಿಸುವುದುಂಟು. ಬೆಳಗಿನ ಸೂರ್ಯನ ಕಡೆ ಮುಖ ಮಾಡಿ ನಿಲ್ಲಿ, ಉತ್ತರ ನಿಮ್ಮ ಎಡಗೈ ಕಡೆ ಇರುತ್ತದೆ. ಶಾಲೆಯ ಹಳೆಯ ದಂಡಕಾಂತದ ಬಣ್ಣವನ್ನೂ ಕುರುಡಾಗಿ ನಂಬಬೇಡಿ. ದಾರದಲ್ಲಿ ಅಡ್ಡಲಾಗಿ ತೂಗುಹಾಕಿ, ಅಲ್ಲಾಡುವುದು ನಿಂತ ಮೇಲೆ ಉತ್ತರಕ್ಕೆ ತಿರುಗಿದ ತುದಿಯೇ ಉತ್ತರ ಧ್ರುವ.

ಹೆಜ್ಜೆ 2: ಯಾವುದು ಅಂಟುತ್ತದೆ

ಇದನ್ನು ಬೇಗ ಮುಗಿಸಬಹುದು. ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಮತ್ತು ಅವುಗಳ ಹಲವು ಮಿಶ್ರಲೋಹಗಳು ಬಲವಾಗಿ ಆಕರ್ಷಿತವಾಗುತ್ತವೆ. ತಾಮ್ರ, ಅಲ್ಯೂಮಿನಿಯಂ, ಹಿತ್ತಾಳೆ, ಚಿನ್ನ, ಬೆಳ್ಳಿ ಆಗುವುದಿಲ್ಲ. ಲೋಹವೆಲ್ಲ ಅಂಟುತ್ತದೆ ಎಂಬ ತಪ್ಪು ತಿಳಿವಳಿಕೆ ದೊಡ್ಡವರಲ್ಲೂ ಇದೆ, ಅದನ್ನು ಅಡುಗೆಮನೆಯಲ್ಲೇ ಅಳಿಸಬಹುದು. ಸ್ಟೀಲು ಪಾತ್ರೆಗಳಲ್ಲಿ ಕೆಲವು ಅಂಟುತ್ತವೆ, ಕೆಲವು ಅಂಟುವುದಿಲ್ಲ. ಎರಡರಲ್ಲೂ ಕಬ್ಬಿಣವೇ ಹೆಚ್ಚಿದ್ದರೂ ಪರಮಾಣುಗಳ ಜೋಡಣೆ ಬೇರೆ. ನಿಕ್ಕಲ್ ಸೇರಿಸಿದ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಆ ಜೋಡಣೆ ಬದಲಾಗಿ ಆಕರ್ಷಣೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಹಾಗೆಯೇ ತಾಮ್ರ ಮತ್ತು ನಿಕ್ಕಲ್ ಬೆರೆಸಿದ ಹಳೆಯ ನಾಣ್ಯ ಅಂಟುವುದಿಲ್ಲ, ಒಂದು ರೂಪಾಯಿಯ ಈಗಿನ ಸ್ಟೀಲು ನಾಣ್ಯ ಅಂಟುತ್ತದೆ. ಕಾಂತೀಯತೆ ಯಾವ ಪರಮಾಣು ಎಂಬುದರಿಂದ ಮಾತ್ರವಲ್ಲ, ಅವು ಹೇಗೆ ಜೋಡಣೆಯಾಗಿವೆ ಎಂಬುದರಿಂದಲೂ ನಿರ್ಧಾರವಾಗುತ್ತದೆ.

ಹೆಜ್ಜೆ 3: ಧ್ರುವಗಳು, ಮತ್ತು ನಿಜವಾದ ಪರೀಕ್ಷೆ

ಸಜಾತಿ ಧ್ರುವಗಳು ವಿಕರ್ಷಿಸುತ್ತವೆ, ವಿಜಾತಿ ಧ್ರುವಗಳು ಆಕರ್ಷಿಸುತ್ತವೆ. ಎಲ್ಲರಿಗೂ ಗೊತ್ತು. ಇದರಿಂದ ಹುಟ್ಟುವ ಪ್ರಶ್ನೆಯಲ್ಲಿ ಮಾತ್ರ ತುಂಬಾ ಮಕ್ಕಳು ಎಡವುತ್ತಾರೆ. ನೋಡಲು ಒಂದೇ ತರಹದ ಎರಡು ಪಟ್ಟಿಗಳಿವೆ, ಒಂದು ಅಯಸ್ಕಾಂತ, ಇನ್ನೊಂದು ಬರೀ ಕಬ್ಬಿಣ. ದಿಕ್ಸೂಚಿಯ ಸಹಾಯದಿಂದ ಯಾವುದು ಯಾವುದೆಂದು ಹೇಗೆ ಹೇಳುತ್ತೀರಿ? ಸೂಜಿ ಆಕರ್ಷಿತವಾದರೆ ಏನೂ ತೀರ್ಮಾನವಾಗುವುದಿಲ್ಲ, ಏಕೆಂದರೆ ಬರೀ ಕಬ್ಬಿಣವೂ ಸೂಜಿಯನ್ನು ಸೆಳೆಯುತ್ತದೆ. ಪಟ್ಟಿಯ ಒಂದು ತುದಿಯನ್ನು ಸೂಜಿಯ ಎರಡೂ ತುದಿಗಳ ಬಳಿ ಹಿಡಿದು ನೋಡಿ. ಎಲ್ಲಾದರೂ ವಿಕರ್ಷಣೆ ಕಂಡರೆ ಅದು ಅಯಸ್ಕಾಂತ. ವಿಕರ್ಷಣೆಯೇ ನಂಬಲರ್ಹವಾದ ಪರೀಕ್ಷೆ.

ಸೂಜಿಯ ಉತ್ತರ ತುದಿ ಭೂಮಿಯ ಉತ್ತರದ ಕಡೆ ಏಕೆ ಸೆಳೆಯಲ್ಪಡುತ್ತದೆ ಎಂಬುದನ್ನೂ ಇಲ್ಲೇ ಯೋಚಿಸಿ. ವಿಜಾತಿ ಧ್ರುವ ಮಾತ್ರ ಸೆಳೆಯಬಲ್ಲದು. ಹಾಗಾದರೆ ಭೂಮಿಯ ಉತ್ತರ ಭಾಗದಲ್ಲಿರುವುದು ಸ್ವಭಾವದಲ್ಲಿ ದಕ್ಷಿಣ ಕಾಂತಧ್ರುವ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದು 1600ರಲ್ಲಿ ವಾದಿಸಿದವನು ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್. ಆದರೆ ಭೂಮಿಯೊಳಗೆ ದಂಡಕಾಂತವೇನೂ ಹೂತಿಲ್ಲ. ಹೊರಗರ್ಭದಲ್ಲಿ ಹರಿದಾಡುವ ದ್ರವ ಕಬ್ಬಿಣದ ವಿದ್ಯುತ್ ಪ್ರವಾಹಗಳು ಈ ಕ್ಷೇತ್ರಕ್ಕೆ ಕಾರಣ. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಯಸ್ಕಾಂತವಾಗಿ ಉಳಿಯುವುದೇ ಇಲ್ಲ, ಭೂಗರ್ಭ ಅದಕ್ಕಿಂತ ಎಷ್ಟೋ ಪಾಲು ಬಿಸಿ.

ಹೆಜ್ಜೆ 4: ಸ್ವಂತ ದಿಕ್ಸೂಚಿ ಮಾಡಿ, ಆಮೇಲೆ ಮುರಿಯಿರಿ

ಹೊಲಿಗೆ ಸೂಜಿಯನ್ನು ಮೇಜಿನ ಮೇಲಿಟ್ಟು ಅಯಸ್ಕಾಂತದ ಉತ್ತರ ಧ್ರುವದಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಉಜ್ಜಿ. ಕೊನೆ ಮುಟ್ಟಿದ ಮೇಲೆ ಅಯಸ್ಕಾಂತವನ್ನು ಎತ್ತಿ, ಗಾಳಿಯಲ್ಲೇ ಹಿಂದಕ್ಕೆ ತಂದು ಮತ್ತೆ ಮೊದಲಿನಿಂದ ಉಜ್ಜಿ. ಹಿಂದೆ ಮುಂದೆ ತಿಕ್ಕಬಾರದು, ದಿಕ್ಕು ಒಂದೇ ಇರಬೇಕು. ಮೂವತ್ತು ನಲವತ್ತು ಸಲವಾದ ಮೇಲೆ ಸೂಜಿಯನ್ನು ತೆಳುವಾದ ಥರ್ಮಾಕೋಲ್ ಚೂರಿನ ಮೇಲೆ ಮಲಗಿಸಿ ಪ್ಲಾಸ್ಟಿಕ್ ಬಟ್ಟಲಿನ ನೀರಿನಲ್ಲಿ ತೇಲಿಬಿಡಿ. ಅದು ನಿಧಾನವಾಗಿ ತಿರುಗಿ ಉತ್ತರ ದಕ್ಷಿಣವಾಗಿ ನಿಲ್ಲುತ್ತದೆ. ಉತ್ತರ ಧ್ರುವದಿಂದ ಉಜ್ಜಿದ್ದರೆ, ಉಜ್ಜುವಿಕೆ ಮುಗಿದ ತುದಿ ದಕ್ಷಿಣ ಧ್ರುವವಾಗಿರುತ್ತದೆ. ನೀರಿಗೆ ಬಿಡುವ ಮೊದಲೇ ಇದನ್ನು ಊಹಿಸಿ ಬರೆದಿಡಲು ಮಕ್ಕಳಿಗೆ ಹೇಳಿ. ಊಹಿಸಿ ನೋಡುವುದಕ್ಕೂ ಸುಮ್ಮನೆ ನೋಡುವುದಕ್ಕೂ ಅಜಗಜಾಂತರ.

ಈಗ ಹ್ಯಾಕ್ಸಾ ಬ್ಲೇಡಿನ ಒಂದು ತುಂಡನ್ನು ಹೀಗೆಯೇ ಉಜ್ಜಿ ಕಾಂತೀಕರಿಸಿ, ದಪ್ಪ ಬಟ್ಟೆಯಲ್ಲಿ ಸುತ್ತಿ ಇಕ್ಕಳದಿಂದ ಮುರಿಯಿರಿ. ಈ ಕೆಲಸ ದೊಡ್ಡವರು ಮಾಡಲಿ, ಚೂರು ಸಿಡಿಯಬಹುದು. ಎರಡು ಚೂರುಗಳನ್ನೂ ದಿಕ್ಸೂಚಿಯ ಬಳಿ ತನ್ನಿ: ಎರಡರಲ್ಲೂ ಉತ್ತರ, ದಕ್ಷಿಣ ಎರಡೂ ಇವೆ. ಮತ್ತೆ ಮುರಿದರೂ ಅಷ್ಟೇ. ಅಯಸ್ಕಾಂತದ ಒಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ವಲಯಗಳಿವೆ, ಪ್ರತಿ ವಲಯವೂ ಒಂದು ಪುಟ್ಟ ಅಯಸ್ಕಾಂತ. ಸಾಮಾನ್ಯ ಕಬ್ಬಿಣದಲ್ಲಿ ಅವು ಮನಸ್ಸಿಗೆ ಬಂದ ಕಡೆ ಮುಖ ಮಾಡಿ ಒಂದನ್ನೊಂದು ರದ್ದು ಮಾಡುತ್ತವೆ. ಉಜ್ಜಿದಾಗ ಹೆಚ್ಚಿನವು ಒಂದೇ ಕಡೆ ತಿರುಗುತ್ತವೆ. ಕಾಯಿಸಿದರೆ, ಬಡಿದರೆ, ಪದೇ ಪದೇ ಕೆಳಗೆ ಬೀಳಿಸಿದರೆ ಸಾಲು ಕದಡಿ ಅಯಸ್ಕಾಂತ ದುರ್ಬಲವಾಗುತ್ತದೆ. ಉಕ್ಕಿನ ಸೂಜಿಯಲ್ಲಿ ಈ ಜೋಡಣೆ ಬಹುಕಾಲ ಉಳಿಯುತ್ತದೆ, ಮೃದು ಕಬ್ಬಿಣದಲ್ಲಿ ಬೇಗ ಅಳಿಸಿಹೋಗುತ್ತದೆ. ವಿದ್ಯುತ್ಕಾಂತಕ್ಕೆ ಮೃದು ಕಬ್ಬಿಣವನ್ನೂ ಶಾಶ್ವತ ಕಾಂತಕ್ಕೆ ಉಕ್ಕನ್ನೂ ಬಳಸುವುದೇಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ.

ಹೆಜ್ಜೆ 5: ಕ್ಷೇತ್ರವನ್ನು ಬಿಂದು ಬಿಂದುವಾಗಿ ಬರೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಪ್ರಯೋಗಕ್ಕೆ ಸಮಯವಿದೆ ಎಂದರೆ ಇದನ್ನೇ ಮಾಡಿ. ಒಂದು ಸಂಜೆ ಪೂರ್ತಿ ಕೊಡಿ.

ದೊಡ್ಡ ಬಿಳಿ ಹಾಳೆಯನ್ನು ಮರದ ಮೇಜಿಗೆ ಅಂಟಿಸಿ. ದಿಕ್ಸೂಚಿಯಿಂದ ಉತ್ತರ ದಕ್ಷಿಣ ಗೆರೆ ಎಳೆಯಿರಿ. ಗೆರೆಯ ಮೇಲೆ ನಡುವೆ ದಂಡಕಾಂತವನ್ನು ಅದರ ಉತ್ತರ ಧ್ರುವ ಉತ್ತರಕ್ಕೆ ಬರುವಂತೆ ಇಟ್ಟು ಸುತ್ತ ಪೆನ್ಸಿಲಿನಿಂದ ಗುರುತು ಮಾಡಿ. ಇನ್ನು ಮುಂದೆ ಅದನ್ನು ಅಲುಗಾಡಿಸಬಾರದು. ಉತ್ತರ ಧ್ರುವದ ಒಂದು ಮೂಲೆಯ ಪಕ್ಕ ದಿಕ್ಸೂಚಿ ಇಡಿ. ಸೂಜಿ ನಿಂತ ಮೇಲೆ ಅದರ ಬಾಲಕ್ಕೂ ತಲೆಗೂ ನೇರವಾಗಿ ಹಾಳೆಯ ಮೇಲೆ ಒಂದೊಂದು ಚುಕ್ಕಿ ಹಾಕಿ. ತಲೆ ಎಂದರೆ ಉತ್ತರ ತುದಿ. ಈಗ ದಿಕ್ಸೂಚಿಯನ್ನು ಮುಂದಕ್ಕೆ ಸರಿಸಿ, ತಲೆಯ ಚುಕ್ಕಿಯ ಮೇಲೆ ಬಾಲ ಬರುವಂತೆ ಇಡಿ. ಹೊಸ ತಲೆಗೆ ಹೊಸ ಚುಕ್ಕಿ. ಹೀಗೆಯೇ ಮುಂದುವರಿದರೆ ಚುಕ್ಕಿಗಳ ಸಾಲು ಬಾಗುತ್ತಾ ಹೋಗಿ ದಕ್ಷಿಣ ಧ್ರುವಕ್ಕೆ ಬಂದು ಮುಟ್ಟುತ್ತದೆ. ಚುಕ್ಕಿಗಳನ್ನು ನಯವಾದ ಗೆರೆಯಿಂದ ಸೇರಿಸಿ, ಸೂಜಿಯ ತಲೆ ಹೋದ ದಿಕ್ಕಿಗೆ ಬಾಣ ಹಾಕಿ. ಇದು ಒಂದು ಬಲರೇಖೆ. ಧ್ರುವದ ಬೇರೆ ಬೇರೆ ಜಾಗಗಳಿಂದ ಶುರುಮಾಡಿ ಇನ್ನಷ್ಟು ಬರೆಯಿರಿ. ಕೆಲವು ಹಾಳೆಯಿಂದ ಹೊರಗೆ ಹೋಗಿಬಿಡುತ್ತವೆ, ಅದು ತಪ್ಪಲ್ಲ.

ಬರೆದ ಮೇಲೆ ಪಠ್ಯದಲ್ಲಿರುವ ಗುಣಗಳು ಒಂದೊಂದಾಗಿ ಹಾಳೆಯಿಂದಲೇ ಹೊರಬರುತ್ತವೆ. ಎರಡು ರೇಖೆಗಳು ಏಕೆ ಛೇದಿಸುವುದಿಲ್ಲ? ಛೇದಿಸಿದರೆ ಆ ಬಿಂದುವಿನಲ್ಲಿ ಸೂಜಿ ಏಕಕಾಲಕ್ಕೆ ಎರಡು ದಿಕ್ಕು ತೋರಿಸಬೇಕಾಗುತ್ತದೆ, ಒಂದು ಸೂಜಿಗೆ ಅದು ಸಾಧ್ಯವಿಲ್ಲ. ಧ್ರುವಗಳ ಬಳಿ ರೇಖೆಗಳು ಏಕೆ ಒತ್ತಾಗಿವೆ? ಅಲ್ಲಿ ದಿಕ್ಸೂಚಿಯನ್ನು ತಟ್ಟಿದರೆ ಸೂಜಿ ಚುರುಕಾಗಿ ನಡುಗಿ ತಕ್ಷಣ ನಿಲ್ಲುತ್ತದೆ, ದೂರದಲ್ಲಿ ತಟ್ಟಿದರೆ ಸೋಮಾರಿಯಾಗಿ ತೂಗಾಡುತ್ತದೆ. ಕ್ಷೇತ್ರ ಬಲವಾಗಿರುವಲ್ಲಿ ರೇಖೆಗಳು ಒತ್ತಾಗಿರುತ್ತವೆ. ಹೊರಗೆ ಬಾಣ ಉತ್ತರದಿಂದ ದಕ್ಷಿಣಕ್ಕೆ. ಅಯಸ್ಕಾಂತದ ಒಳಗೆ ದಿಕ್ಸೂಚಿ ಹೋಗಲಾರದು, ಅಲ್ಲಿ ರೇಖೆಗಳು ದಕ್ಷಿಣದಿಂದ ಉತ್ತರಕ್ಕೆ ಸಾಗಿ ಸುತ್ತು ಪೂರ್ತಿಯಾಗುತ್ತದೆ. ಬಲರೇಖೆಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ.

ಇದಾದ ಮೇಲಷ್ಟೇ ಕಬ್ಬಿಣದ ಪುಡಿ ಹೊರತೆಗೆಯಿರಿ. ಅಯಸ್ಕಾಂತದ ಮೇಲೆ ಇನ್ನೊಂದು ಹಾಳೆ ಹಾಸಿ, ಪುಡಿಯನ್ನು ತೆಳ್ಳಗೆ ಉದುರಿಸಿ, ಹಾಳೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಚಿತ್ತಾರ ಸುಂದರವಾಗಿ ಮೂಡುತ್ತದೆ. ಆದರೆ ಇದನ್ನು ಮೊದಲು ತೋರಿಸಿದರೆ ಒಂದು ತಪ್ಪು ಕಲ್ಪನೆ ಬೇರೂರುತ್ತದೆ: ಕ್ಷೇತ್ರ ಆ ಎಳೆಗಳ ಮೇಲೆ ಮಾತ್ರ ಇದೆ, ನಡುವೆ ಖಾಲಿ ಎಂದು. ಹಾಗಿಲ್ಲ. ಪುಡಿಯನ್ನು ಬಳಿದು ಮತ್ತೆ ಉದುರಿಸಿದರೆ ಎಳೆಗಳು ಬೇರೆ ಜಾಗಗಳಲ್ಲಿ ಮೂಡುತ್ತವೆ. ಭೂಪಟದಲ್ಲಿ 13 ಡಿಗ್ರಿ ಉತ್ತರ ಅಕ್ಷಾಂಶದ ಗೆರೆ ಮಲ್ಲೇಶ್ವರದ ಆಸುಪಾಸಿನಲ್ಲಿ ಹಾದುಹೋಗುತ್ತದೆ, ಅಲ್ಲಿನ ಬೀದಿಯಲ್ಲಿ ಅಂಥ ಗೆರೆ ಯಾರಿಗೂ ಕಾಣುವುದಿಲ್ಲ, ಆ ಗೆರೆಯ ಆಚೀಚೆ ಅಕ್ಷಾಂಶ ಇಲ್ಲವೆಂದೂ ಅಲ್ಲ. ಬಲರೇಖೆಯೂ ನಾವು ಎಳೆದುಕೊಂಡ ಗೆರೆ. ಕ್ಷೇತ್ರ ಎಲ್ಲೆಲ್ಲೂ ಇದೆ, ಹಾಳೆಯ ಮೇಲೂ ಕೆಳಗೂ. ಪುಡಿ ದಿಕ್ಕಿನ ಬಾಣವನ್ನೂ ಹೇಳುವುದಿಲ್ಲ, ಅದಕ್ಕೆ ಸೂಜಿಯೇ ಬೇಕು.

ಹಾಳೆಯ ಮೇಲೆ ಇನ್ನೂ ಒಂದು ಸೋಜಿಗ ಅಡಗಿದೆ. ಅಯಸ್ಕಾಂತದ ನಡುವಿನಿಂದ ನೇರ ಪೂರ್ವಕ್ಕೆ ದಿಕ್ಸೂಚಿಯನ್ನು ನಿಧಾನವಾಗಿ ಸರಿಸಿಕೊಂಡು ಹೋಗಿ. ಹತ್ತಿರದಲ್ಲಿ ಸೂಜಿ ದಕ್ಷಿಣ ತೋರಿಸುತ್ತದೆ, ದೂರದಲ್ಲಿ ಉತ್ತರ. ನಡುವೆ ಒಂದು ಕಡೆ ಸೂಜಿಗೆ ದಿಕ್ಕೇ ತೋಚುವುದಿಲ್ಲ, ಎಲ್ಲಿ ತಿರುಗಿಸಿದರೆ ಅಲ್ಲೇ ನಿಲ್ಲುತ್ತದೆ. ಅದು ಶೂನ್ಯ ಬಿಂದು. ಅಲ್ಲಿ ಅಯಸ್ಕಾಂತದ ಕ್ಷೇತ್ರ ಮತ್ತು ಭೂಮಿಯ ಕ್ಷೇತ್ರದ ಅಡ್ಡ ಘಟಕ (ನೆಲಕ್ಕೆ ಸಮಾನಾಂತರವಾದ ಭಾಗ) ಸಮಬಲದಲ್ಲಿ ಎದುರು ಬದುರಾಗಿ ರದ್ದಾಗಿವೆ. ಪಶ್ಚಿಮದಲ್ಲೂ ಅಷ್ಟೇ ದೂರದಲ್ಲಿ ಇನ್ನೊಂದು ಸಿಗುತ್ತದೆ. ಅಯಸ್ಕಾಂತವನ್ನು ತಿರುಗಿಸಿ ಅದರ ಉತ್ತರ ಧ್ರುವ ದಕ್ಷಿಣಕ್ಕೆ ಬರುವಂತೆ ಇಟ್ಟರೆ ಶೂನ್ಯ ಬಿಂದುಗಳು ಪಕ್ಕದಿಂದ ಮಾಯವಾಗಿ ಎರಡು ಧ್ರುವಗಳ ಮುಂದೆ, ಅಯಸ್ಕಾಂತದ ಉದ್ದದ ನೇರದಲ್ಲಿ ಕಾಣಿಸಿಕೊಳ್ಳುತ್ತವೆ. ಒಂದು ಬಿಂದುವಿನಲ್ಲಿ ಎರಡು ಕ್ಷೇತ್ರಗಳಿದ್ದರೆ ಸೂಜಿ ಅವುಗಳ ಮೊತ್ತಕ್ಕೆ ತಲೆಬಾಗುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಯೋಗ ನನಗೆ ಗೊತ್ತಿಲ್ಲ.

ಹೆಜ್ಜೆ 6: ಸಂಖ್ಯೆ ಕೊಡಿ

ಬಹುತೇಕ ಮೊಬೈಲ್‌ಗಳಲ್ಲಿ ಕಾಂತಮಾಪಕ ಇರುತ್ತದೆ. ಜರ್ಮನಿಯ ಆಹೆನ್ ನಗರದ ವಿಶ್ವವಿದ್ಯಾಲಯದವರು ರೂಪಿಸಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಹಾಕಿಕೊಂಡರೆ ಅದರ ಅಳತೆಯನ್ನು ನೇರವಾಗಿ ನೋಡಬಹುದು. ಬಯಲಿನಲ್ಲಿ ನಿಂತು ಮೊಬೈಲನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿ ಸರಿಹೊಂದಿಸಿದರೆ ಬೆಂಗಳೂರಿನಲ್ಲಿ ಸುಮಾರು 40 ಮೈಕ್ರೋಟೆಸ್ಲಾ ಬರುತ್ತದೆ. ಟೆಸ್ಲಾ ಎಂಬುದು ಕಾಂತಕ್ಷೇತ್ರದ ಏಕಮಾನ, ಮೈಕ್ರೋಟೆಸ್ಲಾ ಅದರ ಹತ್ತು ಲಕ್ಷದಲ್ಲಿ ಒಂದು ಪಾಲು. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಇರುತ್ತದೆ. 1.5 ಎಂದರೂ ನಮ್ಮ ಕಾಲಡಿಯ ಭೂಮಿಯ ಕ್ಷೇತ್ರದ ಸುಮಾರು 37,500 ಪಟ್ಟು. ಆ ಕೋಣೆಗೆ ಕಬ್ಬಿಣದ ವಸ್ತು ಒಯ್ಯಬಾರದೆಂಬ ಕಟ್ಟುನಿಟ್ಟು ಸುಮ್ಮನೆ ಅಲ್ಲ.

ಈ ಭೂಕ್ಷೇತ್ರ ನಮ್ಮಲ್ಲಿ ಬಹುಮಟ್ಟಿಗೆ ನೆಲಕ್ಕೆ ಸಮಾನಾಂತರ. ಕ್ಷೇತ್ರ ನೆಲಕ್ಕೆ ಸರಿಯಾಗಿ ಸಮಾನಾಂತರವಾಗಿರುವ ಜಾಗಗಳನ್ನು ಸೇರಿಸುವ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಮೇಲೆ ಹಾಯುವುದೇ ಕಾರಣ. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿಸಲು ತಿರುವನಂತಪುರದ ಬಳಿಯ ತುಂಬಾವನ್ನು ಆರಿಸಿದ್ದೂ ಅದು ಈ ರೇಖೆಗೆ ಹತ್ತಿರವಿದೆ ಎಂದೇ. ಲಂಡನ್ನಿನಲ್ಲಿ ಇದೇ ಕ್ಷೇತ್ರ 60 ಡಿಗ್ರಿಗೂ ಹೆಚ್ಚು ನೆಲದೊಳಕ್ಕೆ ಬಾಗಿರುತ್ತದೆ. ಮಲಗಿಸಿಟ್ಟ ದಿಕ್ಸೂಚಿ ಚೆನ್ನಾಗಿ ಕೆಲಸ ಮಾಡಲು ನಮ್ಮೂರು ಹೇಳಿಮಾಡಿಸಿದ ಜಾಗ.

ಹೆಜ್ಜೆ 7: ತಂತಿಯೂ ಸೂಜಿಯನ್ನು ತಿರುಗಿಸುತ್ತದೆ

1820ರಲ್ಲಿ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಕಂಡದ್ದನ್ನು ಈಗ ನೀವು ಕಾಣಬಹುದು. ದಿಕ್ಸೂಚಿಯ ಮೇಲೆ ಒಂದು ಸೆಂಟಿಮೀಟರ್ ಎತ್ತರದಲ್ಲಿ, ಸೂಜಿಗೆ ಸಮಾನಾಂತರವಾಗಿ ತಂತಿಯನ್ನು ಹಿಡಿಯಿರಿ. ವೈಂಡಿಂಗ್ ತಂತಿಯ ಮೇಲೆ ವಾರ್ನಿಷ್ ಇರುತ್ತದೆ, ಎರಡೂ ತುದಿಗಳನ್ನು ಉಪ್ಪುಕಾಗದದಿಂದ ಕೆರೆದು ತಾಮ್ರ ಹೊಳೆಯುವಂತೆ ಮಾಡಿರಬೇಕು. ತುದಿಗಳನ್ನು ಸೆಲ್ಲಿಗೆ ಎರಡು ಮೂರು ಸೆಕೆಂಡು ಮಾತ್ರ ಮುಟ್ಟಿಸಿ ತೆಗೆಯಿರಿ, ಹೆಚ್ಚು ಹೊತ್ತು ಹಿಡಿದರೆ ತಂತಿಯೂ ಸೆಲ್ಲೂ ಬಿಸಿಯಾಗುತ್ತವೆ. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಯಾವ ಕಾರಣಕ್ಕೂ ಬಳಸಕೂಡದು.

ಸೂಜಿ ಪಕ್ಕಕ್ಕೆ ಹೊರಳುತ್ತದೆ. ತಂತಿ ಮೇಲಿದ್ದು ಪ್ರವಾಹ ದಕ್ಷಿಣದಿಂದ ಉತ್ತರಕ್ಕೆ ಹರಿದರೆ ಉತ್ತರ ತುದಿ ಪಶ್ಚಿಮಕ್ಕೆ ಹೋಗುತ್ತದೆ. ಸೆಲ್ ತಿರುಗಿಸಿದರೆ ಪೂರ್ವಕ್ಕೆ. ತಂತಿಯನ್ನು ಸೂಜಿಯ ಕೆಳಗೆ ಹಿಡಿದರೆ ಮತ್ತೆ ದಿಕ್ಕು ಬದಲು. ಇವಿಷ್ಟನ್ನೂ ನೋಡಿದ ಮೇಲೆ ಬಲಗೈ ಹೆಬ್ಬೆರಳಿನ ನಿಯಮ ಹೇಳಿ: ಹೆಬ್ಬೆರಳು ಪ್ರವಾಹದ ಕಡೆ ಇರುವಂತೆ ತಂತಿಯನ್ನು ಬಲಗೈಯಲ್ಲಿ ಹಿಡಿದಂತೆ ಊಹಿಸಿಕೊಂಡರೆ, ಮಡಿಚಿದ ಬೆರಳುಗಳು ಕ್ಷೇತ್ರ ಸುತ್ತುವ ದಿಕ್ಕು. ತಂತಿಯ ಸುತ್ತ ರೇಖೆಗಳು ವೃತ್ತಗಳು. ತಂತಿಯನ್ನು ಸೂಜಿಗೆ ಅಡ್ಡಲಾಗಿ, ಪೂರ್ವ ಪಶ್ಚಿಮವಾಗಿ ಹಿಡಿದರೆ ಏನಾಗುತ್ತದೆ? ತಂತಿಯ ಕ್ಷೇತ್ರ ಆಗ ಉತ್ತರಕ್ಕೋ ದಕ್ಷಿಣಕ್ಕೋ ಇರುವುದರಿಂದ ಸೂಜಿ ಒಂದೋ ಅಲುಗಾಡುವುದೇ ಇಲ್ಲ, ಇಲ್ಲವೇ ಕ್ಷೇತ್ರ ಬಲವಾಗಿದ್ದರೆ ಪೂರ್ತಿ ಹಿಂತಿರುಗಿಬಿಡುತ್ತದೆ.

ಲೆಕ್ಕ ಇಷ್ಟಪಡುವ ಮಕ್ಕಳಿಗೆ ಇಲ್ಲೊಂದು ರಸಗವಳವಿದೆ. ಒಂದು ಆಂಪಿಯರ್ ಹರಿಯುವ ಉದ್ದನೆಯ ನೇರ ತಂತಿಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಕ್ಷೇತ್ರ 20 ಮೈಕ್ರೋಟೆಸ್ಲಾ. ಬೆಂಗಳೂರಿನಲ್ಲಿ ಭೂಮಿಯದು ಸುಮಾರು 40. ಒಂದು ಪಶ್ಚಿಮಕ್ಕೆ ಎಳೆಯುತ್ತದೆ, ಇನ್ನೊಂದು ಉತ್ತರಕ್ಕೆ. ಸೂಜಿ ಹೊರಳುವ ಕೋನದ ಟ್ಯಾನ್ ಬೆಲೆ 20 ಭಾಗಿಸು 40, ಅಂದರೆ ಅರ್ಧ. ಕೋನ ಸುಮಾರು 27 ಡಿಗ್ರಿ. ಎರಡು ಆಂಪಿಯರ್ ಹರಿದರೆ 45 ಡಿಗ್ರಿ. ಒಂದೇ ಆಂಪಿಯರ್ ಇಟ್ಟುಕೊಂಡು ತಂತಿಯನ್ನು ಎರಡು ಸೆಂಟಿಮೀಟರ್ ಎತ್ತರಕ್ಕೆ ಏರಿಸಿದರೆ ಕ್ಷೇತ್ರ ಅರ್ಧವಾಗಿ 10ಕ್ಕೆ ಇಳಿಯುತ್ತದೆ, ಕೋನ ಸುಮಾರು 14 ಡಿಗ್ರಿ. ಬರೀ ಒಂದು ದಿಕ್ಸೂಚಿ ಈಗ ವಿದ್ಯುತ್ ಅಳೆಯುವ ಉಪಕರಣವಾಯಿತು.

ಹೆಜ್ಜೆ 8: ಸುರುಳಿ ಮತ್ತು ವಿದ್ಯುತ್ಕಾಂತ

ತಂತಿಯನ್ನು ಸುರುಳಿ ಸುತ್ತಿದರೆ ಪ್ರತಿ ಸುತ್ತಿನ ಕ್ಷೇತ್ರವೂ ಒಳಗೆ ಒಂದೇ ಕಡೆ ಸೇರುತ್ತದೆ. ಇದು ಸೊಲೆನಾಯ್ಡ್. ಹೊರಗೆ ದಿಕ್ಸೂಚಿಯಿಂದ ಬರೆದು ನೋಡಿದರೆ ದಂಡಕಾಂತದ್ದೇ ಚಿತ್ರ, ಒಳಗೆ ನೇರ ಸಮಾನಾಂತರ ರೇಖೆಗಳು. ಒಂದು ತುದಿಯನ್ನು ಎದುರಿನಿಂದ ನೋಡಿದಾಗ ಪ್ರವಾಹ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿದರೆ ಆ ತುದಿ ಉತ್ತರ ಧ್ರುವ, ಮುಳ್ಳಿನಂತೆಯೇ ಸುತ್ತಿದರೆ ದಕ್ಷಿಣ.

ಮೊಳೆಯ ಮೇಲೆ ಸುತ್ತಿದರೆ ವಿದ್ಯುತ್ಕಾಂತ. ಸುತ್ತುಗಳು ಹೆಚ್ಚಾದಂತೆ ಬಲ ಹೆಚ್ಚುತ್ತದೆ ಎಂದು ತೋರಿಸಲು 50 ಸುತ್ತಿಗೊಂದು ಚಿಕ್ಕ ತಂತಿ, 100 ಸುತ್ತಿಗೊಂದು ಉದ್ದ ತಂತಿ ಬಳಸುತ್ತಾರೆ. ಇದು ನ್ಯಾಯವಾದ ಹೋಲಿಕೆಯಲ್ಲ, ಏಕೆಂದರೆ ಉದ್ದ ತಂತಿಯ ರೋಧ ಹೆಚ್ಚು, ಪ್ರವಾಹ ಕಡಿಮೆ. ಮೊದಲೇ 100 ಸುತ್ತಿಗೆ ಸಾಕಾಗುವ ತಂತಿ ತೆಗೆದುಕೊಂಡು 50 ಸುತ್ತು ಮಾತ್ರ ಮೊಳೆಗೆ ಸುತ್ತಿ, ಉಳಿದದ್ದನ್ನು ಮೇಜಿನ ಮೇಲೆ ಅಂಕುಡೊಂಕಾಗಿ ಹರಡಿಬಿಡಿ. ಎಷ್ಟು ಗುಂಡುಸೂಜಿ ಎತ್ತುತ್ತದೆ ಎಣಿಸಿ. ಆಮೇಲೆ ಉಳಿದದ್ದನ್ನೂ ಸುತ್ತಿ ಎಣಿಸಿ. ಈಗ ಬದಲಾದದ್ದು ಸುತ್ತುಗಳ ಸಂಖ್ಯೆ ಮಾತ್ರ. ವಿಜ್ಞಾನ ಮೇಳದ ಮಾದರಿಗಳಲ್ಲಿ ಇಂಥ ಸೂಕ್ಷ್ಮಕ್ಕೆ ಥಳುಕಿನ ಬಣ್ಣದ ಕಾಗದಕ್ಕಿಂತ ಹೆಚ್ಚು ಬೆಲೆ ಸಿಗಬೇಕು.

ಹೆಜ್ಜೆ 9: ಬಲ, ಚಲನೆ, ಪ್ರೇರಣೆ

ತಂತಿ ಸೂಜಿಯನ್ನು ತಳ್ಳುವುದಾದರೆ ಅಯಸ್ಕಾಂತವೂ ತಂತಿಯನ್ನು ತಳ್ಳಬೇಕು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯಿಂದ ಒಂದು ಸೆಂಟಿಮೀಟರ್ ಅಗಲದ ಉದ್ದ ಪಟ್ಟಿ ಕತ್ತರಿಸಿ, ಎರಡು ಪುಸ್ತಕಗಳ ನಡುವೆ ಸಡಿಲವಾಗಿ ತೂಗುಬಿಡಿ. ಕೆಳಗೆ ಒಂದು ಅಯಸ್ಕಾಂತವನ್ನು ಧ್ರುವ ಮೇಲಕ್ಕೆ ಬರುವಂತೆ ಇಡಿ. ಅಲ್ಯೂಮಿನಿಯಂ ಅಂಟುವುದಿಲ್ಲ, ಪಟ್ಟಿ ಸುಮ್ಮನಿರುತ್ತದೆ. ಸೆಲ್ ಮುಟ್ಟಿಸಿದ ಕ್ಷಣ ಅದು ಪಕ್ಕಕ್ಕೆ ಜಿಗಿಯುತ್ತದೆ. ದಿಕ್ಕು ಹೇಳುವುದು ಫ್ಲೆಮಿಂಗ್‌ನ ಎಡಗೈ ನಿಯಮ: ಎಡಗೈಯ ತೋರುಬೆರಳು ಕ್ಷೇತ್ರ, ನಡುಬೆರಳು ಪ್ರವಾಹ, ಹೆಬ್ಬೆರಳು ಬಲ, ಮೂರೂ ಒಂದಕ್ಕೊಂದು ಲಂಬ. ಉತ್ತರ ಧ್ರುವ ಮೇಲ್ಮುಖವಾಗಿದ್ದು ಪ್ರವಾಹ ನಿಮ್ಮಿಂದ ಮುಂದಕ್ಕೆ ಹರಿದರೆ ಪಟ್ಟಿ ಬಲಕ್ಕೆ ಜಿಗಿಯಬೇಕು. ಮೊದಲು ಬೆರಳುಗಳಲ್ಲಿ ಹೇಳಿ, ಆಮೇಲೆ ಸೆಲ್ ಮುಟ್ಟಿಸಿ. ಫ್ಯಾನು, ಮಿಕ್ಸಿ, ವಿದ್ಯುತ್ ಆಟೊ ಎಲ್ಲದರ ಮೋಟಾರಿನಲ್ಲೂ ಕೆಲಸ ಮಾಡುವುದು ಈ ಬಲವೇ.

ವಿದ್ಯುತ್ತಿನಿಂದ ಕಾಂತಕ್ಷೇತ್ರ ಹುಟ್ಟುವುದಾದರೆ ಕಾಂತಕ್ಷೇತ್ರದಿಂದ ವಿದ್ಯುತ್ತು ಹುಟ್ಟುತ್ತದೆಯೇ ಎಂಬ ತಿರುವುಮುರುವು ಪ್ರಶ್ನೆಯನ್ನು ಕೇಳಿ ಉತ್ತರ ಕಂಡುಕೊಂಡವನು ಮೈಕೆಲ್ ಫ್ಯಾರಡೆ, 1831ರಲ್ಲಿ. ಸುರುಳಿಯ ತುದಿಗಳನ್ನು ಗ್ಯಾಲ್ವನೋಮೀಟರಿಗೆ (ಸಣ್ಣ ಪ್ರವಾಹವನ್ನೂ ಮುಳ್ಳಿನಿಂದ ತೋರಿಸುವ ಉಪಕರಣಕ್ಕೆ) ಜೋಡಿಸಿ ಅಯಸ್ಕಾಂತವನ್ನು ಒಳಗೆ ತೂರಿಸಿದರೆ ಮುಳ್ಳು ಒಂದು ಕಡೆ, ಹೊರಗೆಳೆದರೆ ಇನ್ನೊಂದು ಕಡೆ ವಾಲುತ್ತದೆ. ಒಳಗೇ ಸುಮ್ಮನೆ ಇಟ್ಟರೆ ಮುಳ್ಳು ಶೂನ್ಯದಲ್ಲಿ. ಕ್ಷೇತ್ರ ಇದ್ದರೆ ಸಾಲದು, ಸುರುಳಿಯ ಮೂಲಕ ಹಾಯುವ ಕ್ಷೇತ್ರ ಬದಲಾಗಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ತೂ 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿದ ವಿದ್ಯುತ್ತೂ ಹುಟ್ಟಿದ್ದು ಇದೇ ತತ್ವದಿಂದ: ಕಾವೇರಿಯ ನೀರು ಯಂತ್ರ ತಿರುಗಿಸಿತು, ಸುರುಳಿಗಳ ಮೂಲಕ ಹಾಯುವ ಕ್ಷೇತ್ರ ಸತತವಾಗಿ ಬದಲಾಯಿತು. ದೊಡ್ಡವರು ಜೊತೆಗಿದ್ದರೆ ಒಂದು ನಿಯೋಡಿಮಿಯಂ ಅಯಸ್ಕಾಂತವನ್ನು ದಪ್ಪ ಗೋಡೆಯ ತಾಮ್ರದ ಕೊಳವೆಯೊಳಗೆ ಬೀಳಿಸಿ ನೋಡಿ. ಕೊಳವೆಯಲ್ಲಿ ಹುಟ್ಟುವ ಪ್ರವಾಹಗಳು ಬೀಳುವಿಕೆಯನ್ನೇ ತಡೆಯುವುದರಿಂದ ಅದು ಅಚ್ಚರಿಯಾಗುವಷ್ಟು ನಿಧಾನವಾಗಿ ಇಳಿಯುತ್ತದೆ.

ಮನೆಯಲ್ಲಿ ಇಷ್ಟು ಮಾಡಿದ ಮೇಲೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮೊದಲು ಹೋದರೆ ಗುಂಡಿ ಒತ್ತಿ ಮುಂದಕ್ಕೆ ಓಡುತ್ತಾರೆ, ಆಮೇಲೆ ಹೋದರೆ ನಿಂತು ನೋಡುತ್ತಾರೆ.

ಹೆಜ್ಜೆ 10: ಪರೀಕ್ಷೆಯ ಹಾಳೆಯ ಮೇಲೆ

ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಯಲ್ಲಿ ಅಂಕ ಸೋರಿಹೋಗುವ ಜಾಗಗಳು ಕೆಲವೇ. ಬಲರೇಖೆಗೆ ಬಾಣ ಹಾಕದಿರುವುದು. ರೇಖೆಗಳು ಧ್ರುವದ ಬಳಿ ಒಂದನ್ನೊಂದು ದಾಟಿಹೋಗುವುದು. ಎಲ್ಲ ರೇಖೆಗಳನ್ನೂ ಸಮ ಅಂತರದಲ್ಲಿ ಎಳೆದು ಧ್ರುವದ ಬಳಿಯ ಒತ್ತನ್ನು ಮರೆಯುವುದು. ಸೊಲೆನಾಯ್ಡ್ ಚಿತ್ರದಲ್ಲಿ ಪ್ರವಾಹದ ದಿಕ್ಕು ಗುರುತಿಸದೆ ಧ್ರುವ ಮಾತ್ರ ಬರೆಯುವುದು. ಕ್ಷೇತ್ರದ ದಿಕ್ಕು ಕೇಳಿದಾಗ ಎಡಗೈ, ಬಲದ ದಿಕ್ಕು ಕೇಳಿದಾಗ ಬಲಗೈ ಎತ್ತುವುದು. ಗೊಂದಲವಾದರೆ ಆ ಬಿಂದುವಿನಲ್ಲಿ ಒಂದು ಪುಟ್ಟ ದಿಕ್ಸೂಚಿಯನ್ನು ಮನಸ್ಸಿನಲ್ಲೇ ಇಟ್ಟು ಸೂಜಿ ಎತ್ತ ತಿರುಗುತ್ತದೆಂದು ಕೇಳಿಕೊಳ್ಳಿ, ಆಮೇಲೆ ಪೆನ್ಸಿಲ್ ಹಿಡಿಯಿರಿ.

ಕೆಲಸ ಮುಗಿದ ಮೇಲೆ ದಂಡಕಾಂತಗಳನ್ನು ಜೋಡಿಯಾಗಿ, ಒಂದರ ಉತ್ತರ ಧ್ರುವದ ಪಕ್ಕ ಇನ್ನೊಂದರ ದಕ್ಷಿಣ ಧ್ರುವ ಬರುವಂತೆ, ನಡುವೆ ಮರದ ತುಂಡಿಟ್ಟು, ಎರಡೂ ಕೊನೆಗೆ ಮೃದು ಕಬ್ಬಿಣದ ಪಟ್ಟಿ ಅಂಟಿಸಿ ಎತ್ತಿಡಿ. ದಿಕ್ಸೂಚಿಯನ್ನು ಅದೇ ಡಬ್ಬಿಯಲ್ಲಿ ಹಾಕಬೇಡಿ.